ಚಿಲ್ಲರೆ ಬಾಕಿ

ಟಿಕೆಟ್ಟಿನ ಬೆನ್ನಿಗೆ ಬರೆದು ಕೊಡುವುದು ನನ್ನ ಕಸುಬು:
ಎಂಟು ರೂಪಾಯಿ, ಕೆಳಗೊಂದು ಗೀರು,
ಗೀರಿಗೆ ಸಹಿಯಂಥ ಸೊಟ್ಟ ಬಾಲ.
ಇಳಿಯುವಾಗ ಕೇಳಿ, ಅನ್ನುತ್ತೇನೆ.
ಕೇಳದೆ ಇಳಿದವರ ಎಂಟೆಂಟು ರೂಪಾಯಿ
ಹನ್ನೊಂದು ವರ್ಷದಲ್ಲಿ ಚಹಾ ಆಗಿದೆ,
ಮಗಳ ತಲೆಯ ಕ್ಲಿಪ್ಪಾಗಿದೆ,
ದೇವರ ಡಬ್ಬಿಗೂ ಬಿದ್ದಿದೆ, ಸುಳ್ಳೇಕೆ.

ಈ ಯುಗಾದಿಯ ಮರುದಿನ,
ಏಕೆಂದು ಕೇಳಿದರೆ ಹೇಳಲಾರೆ,
ರೋಲಿನ ತುದಿಯ ಖಾಲಿ ಕಾಗದಕ್ಕೆ
ನನಗೆ ನಾನೇ ಒಂದು ಬಾಕಿ ಬರೆದುಕೊಂಡೆ:
'ಇವತ್ತು ಕೇಳುವ ಮೊದಲೇ ಕೊಡು.'
ಅಷ್ಟೇ. ಒಂದು ದಿನದ ಮಟ್ಟಿಗೆ.
ಕಾರವಾರ ಮಾಜಾಳಿ, ಮಾಜಾಳಿ ಕಾರವಾರ, ಏಳು ಟ್ರಿಪ್ಪು.

ಕೋಡಿಬಾಗಿನಲ್ಲಿ ಇಳಿದು ಹೊರಟ ಮುದುಕನಿಗೆ
ಫುಟ್‌ಬೋರ್ಡಿನಿಂದ ಕೂಗಿದೆ: ಅಜ್ಜಾ, ಮೂರು ರೂಪಾಯಿ!
ತಿರುಗಿ ನೋಡಿದ,
ಕಳ್ಳಿಯನ್ನು ನೋಡುವ ಹಾಗಲ್ಲ, ಹುಚ್ಚಿಯನ್ನು ನೋಡುವ ಹಾಗೆ.
ಡ್ರೈವರ್ ಪೊಕ್ಕಣ್ಣ ಹಾರ್ನು ಒತ್ತಿದ್ದೇ ಒತ್ತಿದ್ದು.

ಆಮೇಲೆ ರೂಢಿಯಾಯಿತು. ದಿನಕ್ಕೊಂದು ಚೀಟಿ, ಬ್ಯಾಗಿನ ಒಳಜೇಬಿಗೆ.
'ಮೀನುಬುಟ್ಟಿ ಹತ್ತಿದರೆ ಮೂಗು ಮುರಿಯಬೇಡ.' ಆಯಿತು.
'ಅತ್ತೆ ಅದೇ ಕತೆ ಮತ್ತೆ ತೆಗೆದರೆ
ಮೊದಲ ಸಲದ ಹಾಗೆ ಕೇಳು.' ಅರ್ಧ ಆಯಿತು, ಕುಕ್ಕರ್ ಕೂಗಿತು.
'ಮಗಳ ಲೆಕ್ಕ ತಪ್ಪಿದರೆ ಅವಳಪ್ಪನ ಹೆಸರೆತ್ತಬೇಡ.'
ಆಗಲಿಲ್ಲ.
ಮರುದಿನ ಅದನ್ನೇ ಬರೆದೆ. ಆಗಲಿಲ್ಲ.
ಆ ಚೀಟಿ ಈಗಲೂ ಇದೆ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡು.

ಇನ್ನೊಂದು, ನಿತ್ಯದ್ದು, ಎರಡೇ ನಿಮಿಷದ್ದು:
'ಕಾಳಿ ಸೇತುವೆ ದಾಟುವಷ್ಟು ಹೊತ್ತು
ಯಾರ ಬಳಿಯೂ ಏನೂ ಬೇಡಬೇಡ, ದೇವರ ಬಳಿಯೂ.'
ಕೆಳಗೆ ಹೊಳೆಯೋ ಕಡಲೋ ತಿಳಿಯದ ನೀರು,
ಉಬ್ಬರಕ್ಕೆ ಒಳಗೆ, ಇಳಿತಕ್ಕೆ ಹೊರಗೆ.
ಮಷಿನ್ ಎದೆಗವಚಿ ಕಂಬಕ್ಕೊರಗಿ ನಿಲ್ಲುತ್ತೇನೆ.
ಅರ್ಧ ಸೇತುವೆಗೆ, ನೋಡಿದರೆ,
ಸಕ್ಕರೆ ಕಾಯಿಲೆ ಬಾರದಿರಲಪ್ಪಾ ಎಂದು
ಬಾಯಿ ತಾನಾಗಿಯೇ ಬೇಡಿಬಿಟ್ಟಿರುತ್ತದೆ.

ಹೋದ ಮಂಗಳವಾರ ಮಾಜಾಳಿಯಲ್ಲಿ ಅಕ್ಕ ಹತ್ತಿದಳು.
ಅಮ್ಮನ ಪಾಟಲಿ ಯಾರಿಗೆ ಎಂಬಲ್ಲಿಗೆ ಮಾತು ನಿಂತು ನಾಲ್ಕು ವರ್ಷ.
ನಾಲ್ಕು ವರ್ಷ ಅವಳ ಅಂಗಳದಿಂದ ಇಪ್ಪತ್ತು ಹೆಜ್ಜೆಯಲ್ಲಿ
ನನ್ನ ಬಸ್ಸು ತಿರುಗಿಸಿಕೊಂಡು ಬಂದಿದೆ.
ಬೈತಲೆ ಬೆಳ್ಳಗಾಗಿತ್ತು. ಕೈಯಲ್ಲಿ ಆಸ್ಪತ್ರೆಯ ಫೈಲು.
ಆಧಾರ್ ತೋರಿಸಿದಳು. ನನಗೆ!
ಫೋಟೋದಲ್ಲಿ ಅಮ್ಮನ ಮೂಗು.
ಮಷಿನ್ ಸೊನ್ನೆ ಟಿಕೆಟ್ ಉಗುಳಿತು.
ಹೆಂಗಸರಿಗೆ ದರ ಸೊನ್ನೆ, ಆದರೂ ಟಿಕೆಟ್ ಹರಿದು ಕೈಗೆ ಕೊಡಲೇಬೇಕು;
ಕೊಟ್ಟೆ, ಬೆರಳು ತಾಗದ ಹಾಗೆ.

ಅಷ್ಟರಲ್ಲಿ ಸೇತುವೆ. ಕಂಬಕ್ಕೊರಗಿದೆ.
ಎಂದೂ ಇಷ್ಟು ಚೊಕ್ಕವಾಗಿ ನಡೆದಿರಲಿಲ್ಲ ನನ್ನ ವ್ರತ:
ಒಂದಕ್ಷರ ಬೇಡಲಿಲ್ಲ, ಒಂದಕ್ಷರ ಆಡಲಿಲ್ಲ,
ಸೇತುವೆ ಮುಗಿದ ಮೇಲೂ ಮುಂದುವರಿಸಿದೆ.
ಸ್ಟ್ಯಾಂಡಿನಲ್ಲಿ ಇಳಿಯುವ ಮುನ್ನ ಅಕ್ಕ
ಟಿಕೆಟ್ ಮಗುಚಿ ಬೆನ್ನು ನೋಡಿದಳು,
ಏನಾದರೂ ಬರೆದಿದೆಯೋ ಎಂದು.

ರಾತ್ರಿ ಡಿಪೋದಲ್ಲಿ ಎಣಿಸಿದರೆ ಎರಡು ರೂಪಾಯಿ ಹೆಚ್ಚು.
ಕಡಿಮೆ ಬಂದರೆ ಕೈಯಿಂದ ತುಂಬಬೇಕು;
ಹೆಚ್ಚು ಬಂದರೂ ತಪ್ಪೇ.
ಯಾರದಿದು ಬಾಯಿ, ಎಂದಳು ಕ್ಯಾಶಿಯರ್ ಸುಲಕ್ಷಾ.
ಉಳಿಸಿಕೊಂಡದ್ದು, ಎಂದೆ.
ಅವಳಿಗೆ ಅರ್ಥವಾಗಲಿಲ್ಲ, ಕಟ್ಟಿಸಿಕೊಂಡಳು.

ಇವತ್ತಿನ ಚೀಟಿಯಲ್ಲಿ ಒಂದೇ ಪದ: ಮಾಜಾಳಿ.
ತಿರುವಿನಲ್ಲಿ ಪೊಕ್ಕಣ್ಣ ಬೀಡಿಗೆಂದು ಐದು ನಿಮಿಷ ನಿಲ್ಲಿಸುತ್ತಾನೆ.
ಇಪ್ಪತ್ತು ಹೆಜ್ಜೆಗೆ ಐದು ನಿಮಿಷ ಧಾರಾಳ.
ಮೊದಲ ಟ್ರಿಪ್ಪಿಗೇ ಏಕೆ, ಇನ್ನೂ ಆರು ಇವೆಯಲ್ಲ ಎಂದು
ಮನಸ್ಸು ಆಗಲೇ ಚೌಕಾಸಿಗಿಳಿದಿದೆ.