ಹಕ್ಕರಕಿ

ಗೋಕುಲ ರೋಡಿನ ಮಂಟಪದಾಗ
ಕಡೇ ಪಂಕ್ತಿ ಎದ್ದ ಮ್ಯಾಲ ನಮ್ಮ ಪಾಳಿ.
ನಾನು, ಇರ್ಷಾದ, ಒಂದು ಹಳೇ ಟಂಟಂ.
ಡಬರಿಗೆ ಅಂಟಿದ ಅನ್ನ, ಬಕೀಟಿನಾಗ ಸಾರು,
ಜಿಲೇಬಿ ಮಾತ್ರ ಯಾವತ್ತೂ ಬುಟ್ಟಿಗಟ್ಟಲೆ.
"ಒಯ್ರಿ, ಪುಣ್ಯ ಬರ್ತೈತಿ" ಅಂತಾರ ಬೀಗರು
ಹಲ್ಲಾಗ ಕಡ್ಡಿ ಆಡಿಸಿಕೊಂತ.

ಹನ್ನೊಂದೂವರಿಗೆ ಸ್ಟೇಷನ್ ಮುಂದ.
ಒಳಗ ಹೇಳಿಕೊಳ್ಳುವಷ್ಟು ಉದ್ದನ್ನ ಪ್ಲಾಟ್‌ಫಾರ್ಮು,
ಹೊರಗ ಮಲಗಿದವರಿಗೆ
ಕಾಲು ಮಡಚಿದರಷ್ಟ ಜಾಗಾ.
ಒಬ್ಬೊಬ್ಬರನ್ನ ಅಲುಗಿಸಿ ಎಬ್ಬಸ್ತೀವಿ,
ಹಸಿವಿ ಎಂದೋ ಮಲಗಿಸಿದವರನ್ನ.

ಫಕೀರವ್ವ ಕಣ್ಣು ತೆರೀಲಿಲ್ಲ,
ವಾಸನಿ ಹಿಡದ ಕೇಳಿದಳು:
"ಇವತ್ತೂ ಮದಿವಿ ಏನೋ ಯಪ್ಪಾ?
ಎಷ್ಟರೆ ಲಗ್ನಾ ಆಗ್ತಾರೋ ಈ ಊರ ಮಂದಿ!
ಕಿಮ್ಸಿನ್ಯಾಗ ಸಕ್ಕರಿ ಬ್ಯಾನಿ ಅಂದಾರ ನನಗ,
ಕಾಲಿನ ಹುಣ್ಣು ಮಾಯವಲ್ದು ನೋಡು.
ನಿಮ್ಮ ಬುಟ್ಟಿಯಾಗ ಒಂದು ಹಿಡಿ ತಪ್ಪಲ ಐತೇನು?
ಹಕ್ಕರಕಿ?
ಹೋಗಲಿ, ಒಂದು ಹಸೀ ಉಳ್ಳಾಗಡ್ಡಿ?"

ಹುಡುಕಿದೆ. ಹುಡುಕಿದಂಗ ಮಾಡಿದೆ.
ಎರಡು ವರ್ಷದಿಂದ ತಲಿ ಎಣಿಸೀವಿ,
ಎಷ್ಟು ಬುಟ್ಟಿ ಅಂತ ವಹಿಯಾಗ ಬರದೀವಿ.
ನಿಮಗೇನು ಬೇಕು ಅಂತ ಒಮ್ಮೆರೆ ಕೇಳಿದ್ವಾ?
ಇರ್ಷಾದ ಸುಮ್ಮನ ಸಾರಿನಾಗ ಸೌಟು ತಿರುವಿದ.

ಮುಂಜಾನೆ ದುರ್ಗದ ಬೈಲಿನಾಗ
ತಪ್ಪಲ ಮಾರೋ ಶಾವಂತ್ರಕ್ಕ ಸಿವುಡಿಗೆ ನೀರು ಚಿಮುಕಿಸಿ
"ಇಷ್ಟ್ಯಾಕೋ? ಯಾರ ಮದಿವಿ?" ಅಂದಳು.
"ಮದಿವಿ ಅಲ್ಲಬೇ, ಬರೇ ಊಟ."
ಇರ್ಷಾದನ ಅಮ್ಮಾ ಮೂವತ್ತು ರೊಟ್ಟಿ ಬಡದಳು,
ಹಲ್ಲಿಲ್ಲದವರಿಗಂತ ಮೆತ್ತಗ.
ಮಂದಿ ಐವತ್ತರ ಮ್ಯಾಲ;
ಕೆಲವರಿಗೆ ಅರ್ಧ, ಕೆಲವರಿಗೆ ನಿನ್ನಿನ ಅನ್ನ.

ಎಂಟಕ್ಕ ಹೋದ್ವಿ, ಎಲ್ಲಾರೂ ಎಚ್ಚರ ಇದ್ದಾಗ.
ಫಕೀರವ್ವ ಹೆಸರಕಾಳಿನ ಪಲ್ಯಾ ಬದಿಗೆ ಸರಿಸಿ
ಮೊದಲ ಹಕ್ಕರಕಿ ಬಾಯಿಗಿಟ್ಟಳು.
ಉಳ್ಳಾಗಡ್ಡಿ ನೆಲಕ್ಕಿಟ್ಟು ಮುಷ್ಟಿ ಎತ್ತಿ ಗುದ್ದಿದಳು,
ಒಡೀಲಿಲ್ಲ.
ಕೈ ಚಾಚಿದೆ; ಕಣ್ಣಿಲೆ ತಡದಳು.
ಮೂರನೇ ಪೆಟ್ಟಿಗೆ ಎರಡು ಹೋಳು.
ಒಂದನ್ನ ನನ್ನ ಕಡೆ ದೂಡಿ,
"ನಿಂದು ಊಟ ಆತೇನು?"

"ಆತಬೇ" ಅಂದೆ, ರೂಢಿ ಮಾತು.
"ಸುಳ್ಳ. ಕುಂಡ್ರು."

ಕುಂತೆ. ಆ ತುದಿಗೆ ಗೋಣಿ ಹೊದ್ದಾವ,
ಎರಡು ವರ್ಷ ಹೂಂ ಅನ್ನದೆ ಉಂಡಾವ,
ಇವತ್ತ ದನಿ ಎತ್ತಿದ:
"ಏ, ಪಲ್ಯಾಕ್ಕ ಉಪ್ಪು ಕಮ್ಮಿ ಆಗೈತಿ ನೋಡು!"
ಇರ್ಷಾದ ಕಿವೀ ಮ್ಯಾಲಿನ ಪೆನ್ನು ತಗದು
ವಹಿಯಾಗ ಬರಕೊಂಡ:
ಉಪ್ಪು.