ಎರಡು ಸಾಕ್ಷಿ

ಕೈನೂ ಸೀಮೆಯ ಅಕ್ಟೋಬರಿನಲ್ಲಿ
ಏಳೂವರೆಗೂ ಬೆಳಕಿಗೆ ನಿದ್ದೆ ಬಿಟ್ಟಿರುವುದಿಲ್ಲ.
ಮರ ಸಾಗಿಸುವ ದಾರಿಯ ಅಂಚಿನಲ್ಲಿ
ಕಿತ್ತಳೆ ಅಂಗಿಯ ಹನ್ನೊಂದು ಜನ
ಕಾಫಿ ಹೀರುತ್ತ ಚೀಟಿ ಎತ್ತಿದೆವು, ಯಾರು ಎಲ್ಲಿ ನಿಲ್ಲಬೇಕೆಂದು.
ಓಯ್ವ ಮಾವನಿಗೆ ನಾಲ್ಕನೆಯ ಠಾವು, ಜೌಗಿನ ಬಾಯಿ.
ಪಕ್ಕದಲ್ಲಿ ನಾನು, ಕೋವಿಯಿಲ್ಲದೆ, ರೇಡಿಯೊ ಹಿಡಿದು.

ಮಾವನಿಗೆ ಎಪ್ಪತ್ತಮೂರು.
ಮೂರು ವರ್ಷದಿಂದ ಗುರಿಕಡ್ಡಿ ಮಸುಕು.
"ಮೂಸ್ ಕಂಡರೆ ಕಡ್ಡಿ ಕಾಣಲ್ಲ,
ಕಡ್ಡಿ ಹುಡುಕೋ ಹೊತ್ತಿಗೆ ಮೂಸ್ ಇರಲ್ಲ,
ಮುದಿಗಣ್ಣಿಗೆ ಒಂದು ಸಲಕ್ಕೆ ಒಂದೇ ಊರು ಕಣೇ ಸಿರ್ಕಾ"
ಅನ್ನುತ್ತಿದ್ದ, ನಗುತ್ತಲೇ. ಆದರೆ ಕಳೆದ ವರ್ಷ
ಚೀಟಿ ಎತ್ತಲು ಬಂದಿರಲಿಲ್ಲ.

ಅದಕ್ಕೇ ಆಗಸ್ಟಿನಲ್ಲಿ ತಂದು ಕೂರಿಸಿದೆ
ಬೆಂಕಿಪೊಟ್ಟಣದಷ್ಟು ಗಾತ್ರದ ಆ ಗಾಜು.
ಒಳಗೊಂದು ಕೆಂಪು ಚುಕ್ಕೆ, ಗುಲಗಂಜಿಗಿಂತ ಸಣ್ಣದು,
ಯಾವುದಕ್ಕೂ ಅಂಟಿಲ್ಲ, ನೋಡಿದ್ದರ ಮೇಲೆಲ್ಲ ಕೂರುತ್ತದೆ.
ಬೋಲ್ಟ್ ಕಳಚಿಟ್ಟ ಕೋವಿ ಎತ್ತಿ, ಎರಡೂ ಕಣ್ಣು ತೆರೆದೇ
ಮಾವ ಜಲ್ಲಿ ಗುಂಡಿಯ ಆಚೆ ದಂಡೆ ನೋಡಿದ,
ಒಂದು ಬುಡ ನೋಡಿದ, ಇನ್ನೊಂದು ಬುಡ,
ಕೊಟ್ಟ ಆಟಿಕೆ ಹಿಂದಿರುಗಿಸಲೊಲ್ಲದ ಹುಡುಗನ ಹಾಗೆ.

"ಹಳೇ ಕಬ್ಬಿಣ ತೆಗೆಸಿಬಿಡೋಣವಾ?" ಎಂದೆ.
"ಇದು ಬ್ಯಾಟರಿ ತಿನ್ನುತ್ತೆ, ಅದು ಏನೂ ತಿನ್ನಲ್ಲ.
ಬಿದ್ದಿರಲಿ ಪಾಪ."

ಐವತ್ತು ಮೀಟರಿಗೆ ಕಾಗದ ನೆಟ್ಟು
ಮೂರು ಗುಂಡು, ತಿರುಪು. ಮತ್ತೆ ಮೂರು, ತಿರುಪು.
ಸಂಜೆಯ ಹೊತ್ತಿಗೆ ಚುಕ್ಕೆ ಇಳಿದು ಬಂದು
ಕಡ್ಡಿಯ ತುದಿಯಲ್ಲಿ ಕೂತಿತು,
ಬೇಲಿಗೂಟದ ಮೇಲೆ ಯಾರೋ ಇಟ್ಟು ಮರೆತ ಲಿಂಗನ್‌ಬೆರ್ರಿ.
ಹಿಂದಿನ ಕಚ್ಚು, ಮುಂದಿನ ಕಡ್ಡಿ, ಕೆಂಪು,
ಎಲ್ಲರದೂ ಒಂದೇ ಮಾತು.

ಇಂದು ರಿಂಪಿ ಬೊಗಳಿದಳು, ಮೊದಲು ದೂರ,
ಆಮೇಲೆ ಸುಮ್ಮನಾದಳು, ಆಮೇಲೆ ಹತ್ತಿರ.
ಹಿಮ ಕೂತ ಬರ್ಚ್ ಗಿಡಗಳು ಇಬ್ಭಾಗವಾಗಿ
ಬಂದು ನಿಂತಿತು ಮೂಸ್,
ಕುದುರೆಗಿಂತ ಎತ್ತರ, ಅಡ್ಡಡ್ಡ, ಪಕ್ಕೆ ತೋರಿಸಿಕೊಂಡು,
ಅರವತ್ತು ಹೆಜ್ಜೆ.
ಮಾವ ಕೋವಿ ಎತ್ತಿದ.
ನಾನು ಉಸಿರು ಎಣಿಸಿದೆ. ಅವನದು. ನನ್ನದು ನಿಂತಿತ್ತು.
ಒಂದು. ಎರಡು. ಮೂರು.
ನಾಲ್ಕಕ್ಕೆ ಕೋವಿ ಇಳಿಯಿತು.
ಒದ್ದೆ ಬೂಟಿನಿಂದ ಕಾಲು ಕಿತ್ತಂಥ ಸದ್ದು ಮಾಡುತ್ತ
ಜೌಗು ದಾಟಿ ಹೋಯಿತು ಅದು, ಅವಸರವೇ ಇಲ್ಲದೆ.

"ನಾಲ್ಕು, ಏನಾಯ್ತು?" ರೇಡಿಯೊ ಕೆಮ್ಮಿತು. "ನಾಲ್ಕು?"

"ಚುಕ್ಕೆ ಎಡಕ್ಕಿತ್ತು," ಅಂದ ಮಾವ, ರೇಡಿಯೊಗಲ್ಲ, ನನಗೆ.
"ಕಡ್ಡಿಯದೇ ಎರಡು ಅಗಲ. ಕೆಂಪು ಒಂದು ಹೇಳ್ತು, ಕಬ್ಬಿಣ ಒಂದು.
ಯಾರು ಸುಳ್ಳು ಅಂತ
ಅದರ ಹೊಟ್ಟೆಯೊಳಗೆ ಹೋಗಿ ಕೇಳೋಕಾಗುತ್ತಾ?"

ಕಬ್ಬಿಣ ತೆಗೆಸಿದ್ದಿದ್ದರೆ?
ಒಂಟಿ ಚುಕ್ಕೆಗೆ ನಾಚಿಕೆ ಗೊತ್ತಿಲ್ಲ.
ತಪ್ಪಿದ ಮೇಲೂ ಅಷ್ಟೇ ಕೆಂಪು, ಅಷ್ಟೇ ದುಂಡು.
ಮಸುಕು ಕಡ್ಡಿಯೇ, ಕೆಲಸಕ್ಕೆ ಬಾರದ್ದು ಅಂದುಕೊಂಡದ್ದೇ,
ಕೈ ತಡೆದದ್ದು.

ಗುಡಿಸಲಿನಲ್ಲಿ ಸಾಸೇಜು ಸುಡುವ ಹೊಗೆ.
"ಓಯ್ವನ ಕಣ್ಣು ಪೂರ್ತಿ ಹೋಯಿತು,
ಮುಂದಿನ ವರ್ಷ ಅಡುಗೆಗೆ ಹಾಕೋಣ," ಎಂದ ತೌನೊ.
ಎಲ್ಲರೂ ನಕ್ಕರು. ಮಾವನೂ ನಕ್ಕ. ಏನೂ ಹೇಳಲಿಲ್ಲ.
ನನಗೆ ಮಾತ್ರ ಆಗಸ್ಟಿನ ಆ ಗಳಿಗೆ:
ಕೈಯಲ್ಲಿ ತಿರುಪು, ಅಷ್ಟರಲ್ಲಿ ಫೋನು,
ಆಮೇಲೆ ಬಿಗಿ ಮಾಡಿದರಾಯಿತು ಎಂಬ ನಾನು.

ಮೇಜಿನ ಕೆಳಗಿಂದ ಏನೋ ಮೊಣಕಾಲಿಗೆ ತಾಗಿತು,
ಸ್ಕ್ರೂಡ್ರೈವರ್, ಅವನ ಜೇಬಿನ ಬೆಚ್ಚಗಿದ್ದದ್ದು.
"ಹಿಂದಿನದು," ಅಂದ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಖಾಲಿ ಕೋವಿಯನ್ನು ಕಿಟಕಿಯ ಬಳಿಗೆ ಒಯ್ದೆ.
ಒಂದೂವರೆ ಸುತ್ತು ತಿರುಗಿತು.