ಯಾಂತಾ ಅಂದ್ರ

ಕಪನೂರ ಇಂಡಸ್ಟ್ರಿಯಲ್ ಏರಿಯಾ, ಪತ್ರಾದ ಶೆಡ್ಡು,
ಕೂಲರಿನಾಗ ನೀರು ಮುಗದು ಬರೇ ಪಂಖದ ಸಪ್ಪಳ.
ನನ್ನ ಟೇಬಲ್ ಮ್ಯಾಲ ಒಂದು ಕ್ಲಚ್ ಪ್ಲೇಟು,
ಅದಕ್ಕ ಚೀಟಿ ಅಂಟಸೋದು ನನ್ನ ಕೆಲಸ:
ಎಂಬ್ರಾಗೆ.
ಮೆಕ್ಸಿಕೋಕ್ಕ ಹೋಗೋ ಡಬ್ಬಿಗಿ ಮಾತ್ರ ಕ್ಲಚ್ ಅಂತನೇ ಬರಿ
ಅಂದಾರ ಖದೀರ್ ಸೇಠರು,
ಅವರೂ ನಮ್ಮಂಗೇ ಅಂತಾರಂತ.

ಜ ಬರದಿದ್ರ ಹ ಅನ್ನಬೇಕು, ಇದು ಮೊದಲನೇ ಪಾಠ.
ನಮ್ಮ ಜೀಪು ಅಲ್ಲಿಗಿ ಹೋದ್ರ ಹೀಪು.
ಡಿಕ್ಕಿಗಿ ಒಬ್ಬರು ಕಹ್ವೇಲಾ, ಒಬ್ಬರು ಬಾವೂಲ್,
ಸ್ಪೇನಿನವರು ಮಾಲೆತೇರೊ.
ನಮ್ಮಲ್ಲಿ ಡಿಕ್ಕಿ ಅಂದ್ರ ಗಂಟು ಇಡೋದೂ ಅದೇ,
ಹುಮನಾಬಾದ ರೋಡಿಗಿ ಎದುರಾಎದುರು ಆಗೋದೂ ಅದೇ.
ಇದನ್ನ ಅವರಿಗಿ ಯಾರು ತಿಳಿಸಿ ಹೇಳಬೇಕು?

ರಾತ್ರಿ ಊಟಕ್ಕ ಕುಂತಾಗ ಅಪ್ಪಗ ಓದಿ ಹೇಳ್ತೀನಿ.
ಭೀಮಶಾ ಮಿಸ್ತ್ರಿ. ನಲವತ್ತು ವರ್ಷ ಲಾರಿ ಕೆಳಗ ಮಲಗಿದ ಮನಷ್ಯಾ.
ಪುಸ್ತಕ ಬ್ಯಾಡ ಅಂವಗ, ಸಾಮಾನು ಬೇಕು ಕೈಯಾಗ.
ಪ್ಲಗ್ ಹಿಡದು, ಇದಕ್ಕ? ಅಂತಾನ.
ಬುಹೀಯಾ. ಹಳೇ ಕಾಲಕ್ಕ ಮೇಣಬತ್ತಿಗೂ ಅದೇ ಅಂತಿದ್ರಂತ.
"ಖರೇ ಅದ," ರೊಟ್ಟಿ ಮುರೀತಾನ, "ಹತ್ತತದಲ್ಲ."

ಇಸ್ಟೇರಿಂಗಿಗಿ ವೊಲಾಂತೆ. ಪೆರೂದಾಗ ತಿಮೋನ್,
ಮೊದಲು ಅದು ಹಡಗ ತಿರುಗಸೋ ಚುಕ್ಕಾಣಿ.
ಹಡಗಾ?
ಅಪ್ಪನ ತುತ್ತು ಬಾಯಿ ಮುಂದ ನಿಂತದ.
ಅಂವ ಸಮುದ್ರ ನೋಡಿಲ್ಲ. ಭೀಮಾ ನದಿ ತುಂಬಿದ ವರ್ಷ
ಕಟ್ಟಿಸಂಗಾವಿ ಬ್ರಿಜ್ಜಿನ ಬಾಜು ಒಂದು ಟ್ಯಾಂಕರು ನೀರಾಗ ನಿಂತಿತ್ತಂತ,
ಈಜಿ ಹೋಗಿ ಹತ್ತಿ, ತಿರುಗಿಸಿ, ದಂಡಿಗಿ ತಂದಾನ.
"ಪೆರೂದವರಿಗಿ ತಿಳದದ," ಅಂದ. ಅಷ್ಟೇ.

ಗ್ವಾಂತೇರಾ ಅಂದ್ರ ಕೈಗವಸು ಇಡೋ ಖಾನಾ.
ನಾ ನೋಡಿದ ಖಾನಾದಾಗೆಲ್ಲ
ಹರದ ಆರ್‌ಸಿ, ಬಾಚಣಿಕಿ, ಒಣಗಿದ ನಿಂಬಿಹಣ್ಣು, ಪಿತ್ತದ ಗುಳಿಗಿ.
ಆದ್ರ ಮೇ ತಿಂಗಳ ಮಧ್ಯಾಹ್ನ
ಸೂಪರ್ ಮಾರ್ಕೆಟಿನ ಬಿಸಲಿಗಿ ನಿಂತ ಗಾಡಿದು ತಿಮೋನ್ ಮುಟ್ಟಿ ನೋಡ್ರಿ,
ಆ ಹೆಸರು ಕಲಬುರಗಿಯವರೇ ಇಟ್ಟಂಗ ಅದ.

ಯಾಂತಾದಾಗ ನಾ ಬಿದ್ದೆ.
ಮೆಕ್ಸಿಕೋದಾಗ ಅದು ಟೈರು, ಸ್ಪೇನಿನಾಗ ಬರೇ ರಿಮ್ಮು.
ಮೆಕ್ಸಿಕೋದವರು ಮುನ್ನೂರು ಕೇಳಿದ್ರು.
ನಾ ಸ್ಪೇನಿನ ಪುಸ್ತಕ ತೆಗದು
ಮುನ್ನೂರು ಕಬ್ಬಿಣದ ಬಳಿ ಪ್ಯಾಕ್ ಮಾಡಸ್ದೆ.
ಹಡಗ ಹತ್ತಿ ಹೋದವು.
ಅವನ್ನ ತಿರುಗಸೋ ತಿಮೋನ್ ನನ್ನ ಕೈಯಾಗ ಇರಲಿಲ್ಲ.
ಸೇಠರು ಬೈಲಿಲ್ಲ. ಚಹಾ ತರಸಿದ್ರು. ಅದೇ ಸುಡ್ತು.

ಮನಿಗಿ ಬಂದು ಹೇಳಿದ್ರ ಅಪ್ಪ ನಕ್ಕ, ಕೆಮ್ಮು ಬರೋತನಕ.
ಹತ್ತೊಂಬತ್ತರ ವಯಸ್ಸಿಗಿ ಮೈಸೂರಿನ ಗ್ಯಾರೇಜಿಗಿ ಹೋಗಿದ್ನಂತ ಅಂವ.
ಪಾನಾ ತಾ ಅಂದ್ರ ಹುಡುಗ ಬೀಡಾ ಅಂಗಡಿಗಿ ಓಡಿದ.
ಗಾಲಿಗಿ ಹವಾ ಹಾಕು ಅಂದ್ರ,
ಗಾಳಿಗೆ ಏನ್ ಹಾಕ್ಬೇಕಣ್ಣ? ಅಂದ.
"ನಂದೂ ಕನ್ನಡನೇ, ಅಂವಂದೂ ಕನ್ನಡನೇ.
ಎಂಟು ದಿನ ಮೂಕ ಆಗಿದ್ದೆ ಮಗಳ,
ಬೊಟ್ಟು ಮಾಡಿ ತೋರಸ್ತಿದ್ದೆ.
ಒಂಬತ್ತನೇ ದಿನ ಆ ಹುಡುಗನೇ ಪಾನಾ ಅಂದ."
ಆಮ್ಯಾಲ ಸುಮ್ಮನ ಕುಂತ, ಎಷ್ಟೋ ಹೊತ್ತು,
ಅಂಗೈ ಕಪ್ಪಿನ್ಯಾಗ ಏನೋ ಹುಡುಕ್ಕೋತ.

ಐತವಾರ. ಯಾರದೋ ಹಳೇ ಜೀಪು ಮನಿ ಮುಂದ.
ಜಾಕಿಗಿ ಗಾತೋ ಅಂತಾರ, ಬೆಕ್ಕಿಗೂ ಅದೇ ಅಂತಾರ,
ಅಂತ ನಾ ಹೇಳಿದ್ದೇ ತಪ್ಪಾಯ್ತು.
ಜೀಪಿನ ಕೆಳಗಿಂದ ಎರಡು ಕಾಲು, ಒಂದು ಕೈ:
"ಆ ಬೆಕ್ಕ ತಾ ಇಲ್ಲಿ."
ದಬ್ಬಿ ಕೊಡ್ತೀನಿ. ಕಿರ್ ಕಿರ್ ಅಂತ
ಬೆನ್ನು ಎತ್ತತದ ಅದು,
ಇಡೀ ಜೀಪು ಹೊತಗೊಂಡು.
ಅರ್ಜೆಂಟೀನಾದಾಗ ಇದಕ್ಕ ಕ್ರೀಕೆ ಅಂತನೂ ಅಂತಾರ.
ಇನ್ನಾ ಹೇಳಿಲ್ಲ ಅಂವಗ.